ಗುರುದೀಕ್ಷೆಯ ಹೊಸ್ತಿಲಲ್ಲಿ: ಟ್ರೆಂಟ್ ಮಹಾಸಭೆಯ ಸುಧಾರಣೆಯೂ ಬಿಜಾಪುರ, ಕೆನರಾ ಸೀಮೆಗಳ ಸ್ವದೇಶಿ ಯಾಜಕರೂ

ಮತಸುಧಾರಣೆಯ ಚರಿತ್ರೆಯನ್ನು ಅಭ್ಯಾಸ ಮಾಡುವಾಗ ನಾವು ಸಾಮಾನ್ಯವಾಗಿ ವಿಟೆನ್‌ಬರ್ಗ್, ಜಿನೀವಾ, ಟ್ರೆಂಟ್ ಎಂಬ ಮೂರು ಊರುಗಳ ನಡುವೆಯೇ ಸಂಚರಿಸಿ ಹಿಂದಿರುಗುತ್ತೇವೆ. ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಹೇಗೆ, ಸಂಸ್ಕಾರಗಳು ಎಷ್ಟು, ಪವಿತ್ರ ಗ್ರಂಥಕ್ಕೂ ಪರಂಪರೆಗೂ ಇರುವ ಸಂಬಂಧವೇನು ಎಂಬ ವಿವಾದಗಳನ್ನು ಒಂದೊಂದಾಗಿ ಪರಿಶೀಲಿಸುತ್ತೇವೆ. ನಮ್ಮ ನಾಡಿನ ಪ್ರಸ್ತಾಪ ಬರುವುದು ಕೊನೆಯ ಅಧ್ಯಾಯದಲ್ಲಿ, ಅದೂ ಮಿಷನರಿಗಳ ಆಗಮನ ಎಂಬ ತಲೆಬರಹದ ಕೆಳಗೆ. ಸುಧಾರಣೆ ಅಲ್ಲಿ ಮುಗಿದುಹೋದ ಮೇಲೆ ಅದರ ಫಲ ಇಲ್ಲಿಗೆ ಹಡಗಿನಲ್ಲಿ ಬಂದಿತೆಂಬ ಭಾವನೆ ಇದರಿಂದ ಉಂಟಾಗುತ್ತದೆ. ಆದರೆ ಎರಡೂ ಸುಧಾರಣೆಗಳು ತಾವು ಆಡಿದ ಒಂದು ಮಾತಿಗೆ ಎಷ್ಟರಮಟ್ಟಿಗೆ ನಿಂತವು ಎಂಬ ಪರೀಕ್ಷೆ ನಡೆದದ್ದು ಯೂರೋಪಿನಲ್ಲಿ ಅಲ್ಲ, ನಮ್ಮ ಕಡೆ.

ಆ ಮಾತು ಪಾಲಕನನ್ನು ಕುರಿತದ್ದು. 16ನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಅನೇಕ ಧರ್ಮಾಧ್ಯಕ್ಷರು ತಮ್ಮ ಧರ್ಮಕ್ಷೇತ್ರಗಳಲ್ಲಿ ವಾಸಿಸುತ್ತಿರಲಿಲ್ಲ; ಹಳ್ಳಿಯ ಗುರುಗಳಲ್ಲಿ ಹಲವರಿಗೆ ತಾವು ಉಚ್ಚರಿಸುವ ಲತೀನ್ ಪ್ರಾರ್ಥನೆಯ ಅರ್ಥವೂ ತಿಳಿದಿರಲಿಲ್ಲ. ಲೂಥರನು ಸ್ಯಾಕ್ಸನಿಯ ಸಭೆಗಳನ್ನು ಸಂದರ್ಶಿಸಿ, ಜನರ ಅಜ್ಞಾನವನ್ನೂ ಪಾಲಕರ ಅಜ್ಞಾನವನ್ನೂ ಕಂಡು ದಿಗಿಲುಗೊಂಡು 1529ರಲ್ಲಿ ಚಿಕ್ಕ ಮತ್ತು ದೊಡ್ಡ ಧರ್ಮೋಪದೇಶ ಗ್ರಂಥಗಳನ್ನು ಹೊರತಂದನು. ಕಾಲ್ವಿನನು 1559ರಲ್ಲಿ ಜಿನೀವಾದ ವಿದ್ಯಾಪೀಠವನ್ನು ತೆರೆದದ್ದು ವಾಕ್ಯವನ್ನು ಬಲ್ಲ ಬೋಧಕರನ್ನು ಸಿದ್ಧಗೊಳಿಸುವುದಕ್ಕಾಗಿಯೇ. ಟ್ರೆಂಟ್ ಮಹಾಸಭೆಯು ತನ್ನ 23ನೆಯ ಅಧಿವೇಶನದಲ್ಲಿ, 1563ರ ಜುಲೈ 15ರಂದು, ಪ್ರತಿಯೊಂದು ಧರ್ಮಕ್ಷೇತ್ರವೂ ಬಾಲಕರನ್ನು ಯಾಜಕತ್ವಕ್ಕೆ ತರಬೇತುಗೊಳಿಸುವ ಗುರುಮಠವನ್ನು ಹೊಂದಿರಬೇಕೆಂದು ವಿಧಿಸಿತು. ಬಡವರ ಮಕ್ಕಳಿಗೆ ಆದ್ಯತೆ ಕೊಡಬೇಕೆಂದೂ ಸೇರಿಸಿತು. ಧರ್ಮಾಧ್ಯಕ್ಷನು ತನ್ನ ಮಂದೆಯ ನಡುವೆಯೇ ವಾಸಿಸಬೇಕೆಂದು ಹೇಳಿತು. ಸಂಸ್ಕಾರಗಳ ಅರ್ಥವನ್ನು ಜನರ ಆಡುಮಾತಿನಲ್ಲಿ ವಿವರಿಸಬೇಕೆಂದು ಮುಂದಿನ ಅಧಿವೇಶನದಲ್ಲಿ ಆದೇಶಿಸಿತು. ಕೃಪೆಯ ವಿಷಯದಲ್ಲಿ ಪರಸ್ಪರ ಶಾಪ ಹಾಕಿಕೊಂಡ ಎರಡು ಪಕ್ಷಗಳು ಪಾಲಕನ ವಿಷಯದಲ್ಲಿ ಬಹುಮಟ್ಟಿಗೆ ಒಂದೇ ಮಾತನ್ನು ಆಡಿದವು: ಅವನು ಕಲಿತವನಾಗಿರಬೇಕು, ಜನರ ನಡುವೆ ಇರಬೇಕು, ಅವರ ಮಾತಿನಲ್ಲಿ ಕಲಿಸಬೇಕು.

ಹಾಗಾದರೆ ಜನರ ನಡುವೆ ಹುಟ್ಟಿ, ಅವರ ಮಾತನ್ನೇ ಆಡುತ್ತ, ಕಲಿತು ಸಿದ್ಧನಾಗಿ ನಿಂತವನು ಕಪ್ಪು ಮೈಬಣ್ಣದ ಭಾರತೀಯನಾಗಿದ್ದರೆ? ಈ ಪ್ರಶ್ನೆ ಟ್ರೆಂಟಿನ ಪಿತೃಗಳ ಮುಂದಿರಲಿಲ್ಲ. ಗೋವೆಯಲ್ಲಿ ಅದು ಬೇಗನೆ ಎದ್ದಿತು.

ಗೋವೆಯ ಆರಂಭ ಆಶಾದಾಯಕವಾಗಿಯೇ ಇತ್ತೆಂಬುದನ್ನು ನಾವು ಮರೆಯಬಾರದು. ಟ್ರೆಂಟ್ ಮಹಾಸಭೆ ಸೇರುವುದಕ್ಕೆ ನಾಲ್ಕು ವರ್ಷ ಮೊದಲೇ, 1541ರಲ್ಲಿ, ಪೂರ್ವದೇಶಗಳ ನಾನಾ ಜನಾಂಗಗಳ ಬಾಲಕರನ್ನು ಧರ್ಮಸೇವೆಗೆ ಸಿದ್ಧಗೊಳಿಸುವ ಸಂಸ್ಥೆಯೊಂದು ಅಲ್ಲಿ ಆರಂಭವಾಗಿತ್ತು. ಮುಂದೆ ಅದೇ ಸಂತ ಪೌಲರ ಕಾಲೇಜೆಂದು ಪ್ರಸಿದ್ಧವಾಯಿತು. 1567ರಲ್ಲಿ ಸೇರಿದ ಗೋವೆಯ ಮೊದಲನೆಯ ಪ್ರಾಂತೀಯ ಸಭೆ ಟ್ರೆಂಟಿನ ವಿಧಿಗಳನ್ನು ಈ ನಾಡಿಗೆ ಅನ್ವಯಿಸಲು ತೊಡಗಿತು. ಆದರೆ ಕಾಲ ಕಳೆದಂತೆ ಬಾಗಿಲು ಅರ್ಧ ಮುಚ್ಚಿತು. ಸ್ಥಳೀಯರಿಗೆ ದೀಕ್ಷೆ ಸಿಕ್ಕರೂ ಅವರು ಧರ್ಮಕೇಂದ್ರಗಳಲ್ಲಿ ಸಹಾಯಕರಾಗಿ ಉಳಿಯಬೇಕಾಯಿತು. ಧಾರ್ಮಿಕ ಸಂಘಗಳ ಒಳಗೆ ಅವರಿಗೆ ಸ್ಥಾನವಿರಲಿಲ್ಲ. ಯೇಸುಸಭೆಯು 1561ರಲ್ಲಿ ಪೇರೊ ಲೂಯಿಸ್ ಎಂಬ ಮಲಬಾರಿನ ಬ್ರಾಹ್ಮಣ ಕ್ರೈಸ್ತನನ್ನು ಸೇರಿಸಿಕೊಂಡು 1575ರಲ್ಲಿ ಅವನಿಗೆ ಗುರುದೀಕ್ಷೆ ಕೊಟ್ಟಿತು. ಆ ಬಳಿಕ ಬಹುಕಾಲ ಆ ದಾರಿ ಮುಚ್ಚಿಯೇ ಇತ್ತು.

ಇದೇ ಅವಧಿಯಲ್ಲಿ ಭಾಷೆಯ ಕೆಲಸ ಮಾತ್ರ ಅದ್ಭುತವಾಗಿ ನಡೆಯಿತು. ಎಲಿಜಬೆತ್ ರಾಣಿಯ ಇಂಗ್ಲೆಂಡಿನಲ್ಲಿ ಕಥೋಲಿಕನಾಗಿ ಬದುಕುವುದು ಕಷ್ಟವಾಗಿದ್ದಾಗ ರೋಮಿಗೆ ಹೋಗಿ ಯೇಸುಸಭೆ ಸೇರಿದ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದರು. ಮರಾಠಿಯಲ್ಲಿ ಓವಿಗಳಲ್ಲಿ ಅವರು ರಚಿಸಿದ ಕ್ರಿಸ್ತಪುರಾಣ 1616ರಲ್ಲಿ ಅಚ್ಚಾಯಿತು. ಅವರ ಕೊಂಕಣಿ ಧರ್ಮೋಪದೇಶ 1622ರಲ್ಲಿ ಪ್ರಕಟವಾಯಿತು. (ಪೋರ್ಚುಗೀಸರು ಕೊಂಕಣಿಯನ್ನು ‘ಕನಾರಿಂ’ ಎಂದು ಕರೆಯುತ್ತಿದ್ದುದರಿಂದ ಈ ಪುಸ್ತಕವನ್ನು ಕನ್ನಡದ್ದೆಂದು ಭಾವಿಸಿ ಸಂತೋಷಪಟ್ಟವರೂ ಉಂಟು. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಎಚ್ಚರಿಕೆಯಿಂದಿರುವುದು ಒಳ್ಳೆಯದು.) ಕನ್ನಡದ ಮಟ್ಟಿಗೆ ಇದಕ್ಕೆ ಸಮನಾದ ಕಾರ್ಯ ಮಾಡಿದವರು ಇಟಲಿಯ ಲಿಯೊನಾರ್ದೊ ಚಿನ್ನಮಿ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1648ರ ಸುಮಾರಿಗೆ, ಅವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದರು. ಮದುರೆಯಲ್ಲಿ ರೊಬೆರ್ತೊ ದೆ ನೊಬಿಲಿ ಹಾಕಿಕೊಟ್ಟ ಮಾರ್ಗವನ್ನು ಹಿಡಿದು ಸನ್ಯಾಸಿಯ ಉಡುಪು ತೊಟ್ಟರು, ಕನ್ನಡ ಕಲಿತು ಧರ್ಮೋಪದೇಶವನ್ನೂ ವ್ಯಾಕರಣವನ್ನೂ ಬರೆದರು.

ಚಿನ್ನಮಿಯವರ ಶ್ರಮವನ್ನು ನಾವು ಕೃತಜ್ಞತೆಯಿಂದಲೇ ಸ್ಮರಿಸುತ್ತೇವೆ. ತುಮಕೂರು ರಸ್ತೆಯ ಪೀಣ್ಯ, ಮಾಕಳಿ, ನೆಲಮಂಗಲಗಳ ಕಾರ್ಖಾನೆಗಳಿಗೆ ನಾನಾ ಸೀಮೆಗಳಿಂದ ಬಂದು ನೆಲೆಸಿದ ವಿಶ್ವಾಸಿಗಳ ನಡುವೆ ಸೇವೆ ಮಾಡಿದವರಿಗೆ, ಮಂದೆಯ ಮಾತನ್ನು ಕಲಿಯುವುದು ಎಷ್ಟು ವಿನಯದ ಕೆಲಸವೆಂಬುದು ಗೊತ್ತು. ಆದರೂ ಒಂದು ವೈಷಮ್ಯವನ್ನು ಕಾಣದಿರಲಾಗದು. ಇಟಲಿಯವರು ಈ ನಾಡಿನವರಂತೆ ಉಟ್ಟು, ಉಂಡು, ಮಾತಾಡಲು ಇಷ್ಟೊಂದು ಪ್ರಯಾಸಪಡುತ್ತಿದ್ದಾಗ, ಪ್ರಯಾಸವಿಲ್ಲದೆ ಈ ನಾಡಿನವರೇ ಆಗಿದ್ದವರು ಯೇಸುಸಭೆಯ ಬಾಗಿಲ ಹೊರಗಿದ್ದರು. ಹಳ್ಳಿಗಳಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸುವವರು, ಸಾಯುವವರ ಬಳಿ ಕೂರುವವರು ಸ್ಥಳೀಯ ಉಪದೇಶಿಗಳಾಗಿದ್ದರು. ಬಲಿಪೀಠದ ಮುಂದೆ ನಿಲ್ಲುವವರು ಬೇರೆಯವರಾಗಿದ್ದರು. ವೇಷವನ್ನೂ ಭಾಷೆಯನ್ನೂ ಬದಲಿಸುವುದಕ್ಕೆ ಸುಧಾರಣೆ ಸಿದ್ಧವಾಗಿತ್ತು, ಅಧಿಕಾರವನ್ನು ಹಂಚಿಕೊಳ್ಳುವುದಕ್ಕೆ ಅಷ್ಟಾಗಿ ಸಿದ್ಧವಿರಲಿಲ್ಲ.

ಈ ಪ್ರಶ್ನೆಯನ್ನು ತನ್ನ ಬದುಕಿನಿಂದಲೇ ಎತ್ತಿದವರು ಮತೆಯುಸ್ ದೆ ಕಾಸ್ತ್ರೊ. 1594ರ ಸುಮಾರಿಗೆ ಗೋವೆಯ ದಿವಾಡಿ ದ್ವೀಪದಲ್ಲಿ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಇವರು ಫ್ರಾನ್ಸಿಸ್ಕನರ ಬಳಿ ಓದಿದರು. ಗೋವೆಯಲ್ಲಿ ಗುರುದೀಕ್ಷೆ ದೊರೆಯಲಿಲ್ಲ. ಆಗ ಅವರು ಮಾಡಿದ ಕೆಲಸ ಆ ಕಾಲಕ್ಕೆ ಸಾಹಸವೇ ಸರಿ: ಪೋರ್ಚುಗೀಸ್ ಹಡಗಿನ ದಾರಿಯನ್ನು ಬಿಟ್ಟು, ಪಶ್ಚಿಮ ಏಷ್ಯಾದ ಭೂಮಾರ್ಗವಾಗಿ ರೋಮ್ ನಗರವನ್ನು ತಲುಪಿದರು.

ರೋಮಿನಲ್ಲಿ ಆಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿತ್ತು. ಹಿಂದಿನ ಪೋಪರುಗಳು ಪೋರ್ಚುಗಲ್ಲಿನ ಅರಸನಿಗೆ ಪೂರ್ವದೇಶದ ಧರ್ಮಾಧ್ಯಕ್ಷರನ್ನು ಹೆಸರಿಸುವ ಹಕ್ಕನ್ನೂ ದೇವಾಲಯಗಳನ್ನು ಪೋಷಿಸುವ ಹೊಣೆಯನ್ನೂ ಕೊಟ್ಟಿದ್ದರು. ಪದ್ರುವಾದೊ ಎಂಬ ಈ ವ್ಯವಸ್ಥೆಯಲ್ಲಿ ಸುವಾರ್ತೆಯು ಅರಸನ ಹಡಗಿಗೂ ಕೋಟೆಗೂ ಕಟ್ಟುಬಿದ್ದಿತ್ತು. ಇದನ್ನು ಸಡಿಲಿಸುವ ಉದ್ದೇಶದಿಂದ 1622ರಲ್ಲಿ 15ನೆಯ ಗ್ರೆಗೊರಿ ಪೋಪರು ಪ್ರೊಪಗಾಂಡ ಫಿದೆ ಎಂಬ ಆಡಳಿತ ಮಂಡಲಿಯನ್ನು ಸ್ಥಾಪಿಸಿದರು. ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೊಲಿ 1649ರಲ್ಲಿ ಸಾಯುವವರೆಗೂ ಒಂದು ಮಾತನ್ನು ಬಿಡದೆ ಸಾಧಿಸಿದರು: ಸ್ವದೇಶಿ ಯಾಜಕರಿಲ್ಲದೆ ಯಾವ ನಾಡಿನಲ್ಲೂ ಸಭೆ ಬೇರೂರದು. ಟ್ರೆಂಟ್ ಒಂದೊಂದು ಧರ್ಮಕ್ಷೇತ್ರಕ್ಕೆ ಹೇಳಿದ್ದನ್ನು ಇಂಗೊಲಿ ಇಡೀ ಲೋಕಕ್ಕೆ ಅನ್ವಯಿಸಿದರೆಂದರೆ ತಪ್ಪಾಗದು.

ಇಂಥವರ ಮುಂದೆ ದೆ ಕಾಸ್ತ್ರೊ ಬಂದು ನಿಂತರು. 1630ರ ಸುಮಾರಿಗೆ ಅವರಿಗೆ ರೋಮಿನಲ್ಲಿಯೇ ಗುರುದೀಕ್ಷೆ ಆಯಿತು. ರೋಮಿನ ಪತ್ರಗಳೊಡನೆ ಗೋವೆಗೆ ಮರಳಿದರೆ ಅಲ್ಲಿನ ಅಧಿಕಾರಿಗಳು ಅವುಗಳನ್ನು ಮನ್ನಿಸಲಿಲ್ಲ. ಅವರು ಮತ್ತೆ ರೋಮಿಗೆ ಹೋದರು. 1637ರಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಗಿ, ಆದಿಲ್‌ಶಾಹಿ ರಾಜ್ಯಕ್ಕೆ, ಎಂದರೆ ಬಿಜಾಪುರಕ್ಕೆ, ವಿಕಾರ್ ಅಪೊಸ್ತೊಲಿಕ್ ಆಗಿ ನೇಮಕಗೊಂಡರು. ಈ ಪದವಿಯನ್ನು ಎರಡು ಮಾತಿನಲ್ಲಿ ವಿವರಿಸಬೇಕು. ಭಾರತದಲ್ಲಿ ಹೊಸ ಧರ್ಮಕ್ಷೇತ್ರವನ್ನು ನಿರ್ಮಿಸಿದರೆ ಪೋರ್ಚುಗಲ್ಲಿನ ಅರಸನ ಹಕ್ಕು ಅಡ್ಡ ಬರುತ್ತಿತ್ತು. ಆದ್ದರಿಂದ ಹಿಂದೆ ಎಂದೋ ಕ್ರೈಸ್ತರ ಕೈತಪ್ಪಿದ ಪ್ರಾಚೀನ ಪಟ್ಟಣವೊಂದರ ಹೆಸರಿನಲ್ಲಿ ದೀಕ್ಷೆ ಕೊಟ್ಟು, ಪೋಪರ ನೇರ ಪ್ರತಿನಿಧಿಯಾಗಿ ಕಳುಹಿಸುವ ಉಪಾಯವನ್ನು ರೋಮ್ ಕಂಡುಕೊಂಡಿತು. ದೆ ಕಾಸ್ತ್ರೊ ಹೆಸರಿಗೆ ಕ್ರಿಸೊಪೊಲಿಸ್ಸಿನ ಧರ್ಮಾಧ್ಯಕ್ಷರು. ಅವರ ಮಂದೆ ಇದ್ದದ್ದು ಮುಹಮ್ಮದ್ ಆದಿಲ್ ಶಾಹನ ರಾಜ್ಯದಲ್ಲಿ. ಲತೀನ್ ವಿಧಿಯ ಭಾರತೀಯ ಧರ್ಮಾಧ್ಯಕ್ಷರಲ್ಲಿ ಮೊದಲಿಗರಿಗೆ ಕೊಟ್ಟ ಸೀಮೆ ಇಂದಿನ ಉತ್ತರ ಕರ್ನಾಟಕವನ್ನು ಒಳಗೊಂಡಿತ್ತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಯಾಕೋ ಒತ್ತಿ ಹೇಳುವುದಿಲ್ಲ.

ಗೋವೆಯ ಗಡಿಗೆ ಅಂಟಿಕೊಂಡಿದ್ದ, ಆಗ ಬಿಜಾಪುರಕ್ಕೆ ಸೇರಿದ್ದ ಡಿಚೋಲಿಯಲ್ಲಿ ಅವರು ನೆಲೆಸಿದರು. ತಮ್ಮ ನಾಡಿನ ಕೆಲವರಿಗೆ ಗುರುದೀಕ್ಷೆ ಕೊಟ್ಟರು. ಗೋವೆ ಈ ದೀಕ್ಷೆಗಳನ್ನು ಒಪ್ಪಲಿಲ್ಲ. ಇಲ್ಲಿಂದ ಕಥೆ ಕಹಿಯಾಗುತ್ತದೆ. 1653ರಲ್ಲಿ ಅವರು ‘ಬ್ರಾಹ್ಮಣರ ಕನ್ನಡಿ’ ಎಂಬರ್ಥದ ಹೆಸರಿನ ಕೃತಿಯೊಂದನ್ನು ಪೋರ್ಚುಗೀಸಿನಲ್ಲಿ ಬರೆದು, ಪೋರ್ಚುಗೀಸರ ಕೈಕೆಳಗೆ ತಮ್ಮವರಿಗೆ ಆಗುತ್ತಿದ್ದ ಅವಮಾನವನ್ನು ಮುಂದಿಟ್ಟು ಗೋವೆಯ ಬ್ರಾಹ್ಮಣ ಕ್ರೈಸ್ತರನ್ನು ಎಚ್ಚರಿಸಲು ಯತ್ನಿಸಿದರು. ಮರುವರ್ಷ ಬಿಜಾಪುರದ ಸೈನ್ಯ ಗೋವೆಯ ಸೀಮೆಗೆ ನುಗ್ಗಿದಾಗ ಅದಕ್ಕೆ ಪ್ರೇರಣೆ ಕೊಟ್ಟವರು ಇವರೇ ಎಂಬ ಆರೋಪ ಬಂದಿತು. ಕೊನೆಗೆ ರೋಮಿಗೆ ಹಿಂದಿರುಗಿ ಅಲ್ಲಿಯೇ 1677ರಲ್ಲಿ ತೀರಿಕೊಂಡರು.

ಇವರನ್ನು ಹುತಾತ್ಮರಂತೆ ಚಿತ್ರಿಸುವುದು ನಮಗೆ ಸರಿಕಾಣದು. ಅವರ ಬರಹದಲ್ಲಿ ಅನ್ಯಾಯಕ್ಕೆ ಒಳಗಾದವನ ಸಿಟ್ಟೂ ಇದೆ, ಕುಲದ ಹೆಮ್ಮೆಯೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ. ‘ನಮ್ಮವರನ್ನು ಕಡೆಗಣಿಸಿದಿರಿ’ ಎಂದು ಹೇಳುವಾಗ ಅವರ ‘ನಮ್ಮವರು’ ಎಂಬ ಮಾತಿನೊಳಗೆ ಗೋವೆಯ ಬೆಸ್ತನಾಗಲಿ ಗೇಣಿಯ ಒಕ್ಕಲಾಗಲಿ ಇದ್ದಂತೆ ತೋರುವುದಿಲ್ಲ. ಆದರೆ ಅವರನ್ನು ಕೇವಲ ಕಲಹಪ್ರಿಯನೆಂದು ಪಕ್ಕಕ್ಕೆ ಸರಿಸುವುದೂ ನ್ಯಾಯವಲ್ಲ. ಟ್ರೆಂಟಿನ ವಿಧಿಗಳನ್ನು ಅಕ್ಷರಶಃ ನಂಬಿದವನಿಗೆ, ‘ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ, ಜನರ ಮಾತು ಬಲ್ಲೆ, ಇನ್ನೇನು ಬೇಕು?’ ಎಂದು ಕೇಳುವ ಹಕ್ಕು ಇತ್ತು. ಆ ಪ್ರಶ್ನೆಗೆ ಗೋವೆ ಕೊಟ್ಟ ಉತ್ತರ ದೇವಶಾಸ್ತ್ರದ್ದಾಗಿರಲಿಲ್ಲ.

ಕೆನರಾ ಸೀಮೆಯಲ್ಲಿ ಇದೇ ವಿವಾದ ಇನ್ನೊಂದು ರೂಪ ತಾಳಿತು. ಧರ್ಮಪರಿಶೋಧನಾ ನ್ಯಾಯಾಲಯದ ಭಯ, ತೆರಿಗೆಯ ಭಾರ, ಬರಗಾಲ, ಯುದ್ಧ ಮುಂತಾದ ಕಾರಣಗಳಿಂದ ಗೋವೆಯನ್ನು ಬಿಟ್ಟ ಕೊಂಕಣಿ ಕ್ರೈಸ್ತರು ಕೆಳದಿಯ ನಾಯಕರ ರಾಜ್ಯದಲ್ಲಿ ನೆಲೆಸಿ ಕೃಷಿ, ವ್ಯಾಪಾರಗಳಲ್ಲಿ ತೊಡಗಿದ್ದರು. ಶಿವಪ್ಪ ನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡ ಮೇಲೆ ಈ ಜನರಿಗೆ ಗುರುಗಳ ಕೊರತೆ ತೀವ್ರವಾಯಿತು. ಕೋಟೆಯ ಜೊತೆಗೆ ಬಂದ ಧರ್ಮವ್ಯವಸ್ಥೆ ಕೋಟೆಯ ಜೊತೆಗೇ ಕುಸಿಯಿತು. ಪದ್ರುವಾದೊ ಪದ್ಧತಿಯ ಮೂಲದೋಷವನ್ನು ತೋರಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ಗೊತ್ತಿಲ್ಲ.

1670ರ ದಶಕದಲ್ಲಿ ರೋಮ್ ಈ ಸೀಮೆಗೆ ಮತೆಯುಸರ ಸೋದರ ಸಂಬಂಧದ ಕಿರಿಯರಾದ ಥೋಮಸ್ ದೆ ಕಾಸ್ತ್ರೊ ಅವರನ್ನು ವಿಕಾರ್ ಅಪೊಸ್ತೊಲಿಕ್ ಆಗಿ ನೇಮಿಸಿತು. ಇವರು ಥಿಯಾಟೈನ್ ಸಂಘದವರು. ಆ ಸಂಘ 1524ರಲ್ಲಿ, ಎಂದರೆ ಟ್ರೆಂಟಿಗೂ ಮೊದಲು, ಯಾಜಕರ ಜೀವನವನ್ನು ಶುದ್ಧಗೊಳಿಸುವ ಉದ್ದೇಶದಿಂದಲೇ ಹುಟ್ಟಿದ್ದು. ಥೋಮಸರು ಮಂಗಳೂರಿನಲ್ಲಿ ವಾಸಿಸಿದರು, 1684ರಲ್ಲಿ ಮಂಗಳೂರಿನಲ್ಲಿಯೇ ಮರಣಹೊಂದಿದರು. ಧರ್ಮಾಧ್ಯಕ್ಷನು ತನ್ನ ಜನರ ನಡುವೆಯೇ ಇರಬೇಕೆಂಬ ಟ್ರೆಂಟಿನ ವಿಧಿ ಮಂಗಳೂರಿನಲ್ಲಿ ಮೊದಲು ನೆರವೇರಿದ್ದು ಒಬ್ಬ ಗೋವೆಯವರಿಂದ. ಆದರೆ ಗೋವೆಯ ಅಧಿಕಾರಿಗಳು ಅವರ ಅಧಿಕಾರವನ್ನು ಒಪ್ಪದಿದ್ದುದರಿಂದ ಕೆನರಾದ ಸಭೆ ಎರಡಾಯಿತು. ಒಂದು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರಗಳನ್ನು ಇನ್ನೊಂದು ಪಕ್ಷದವರು ಶಂಕಿಸಿದರು. ತಮ್ಮ ಮದುವೆ ಸಿಂಧುವೇ, ತಾವು ಮಾಡಿದ ಪಾಪನಿವೇದನೆಗೆ ಕ್ಷಮೆ ದೊರೆಯಿತೇ ಎಂಬ ಕಳವಳ ಸಾಮಾನ್ಯ ಕುಟುಂಬಗಳನ್ನು ತಟ್ಟಿತು. ಅಧಿಕಾರದ ವ್ಯಾಪ್ತಿ ಎಂಬುದು ನಮಗೆ ಧರ್ಮಸಂಹಿತೆಯ ಒಂದು ಪಾಠ. ಅವರಿಗೆ ಅದು ಸಾಯುವ ಹಾಸಿಗೆಯ ಪ್ರಶ್ನೆ.

ಇಂಥ ಸ್ಥಿತಿಯಲ್ಲಿ 1681ರಲ್ಲಿ ಗೋವೆಯಿಂದ ಕೆನರಾದ ಮೇಲ್ವಿಚಾರಕ ಗುರುವಾಗಿ ಬಂದವರು ಜೋಸೆಫ್ ವಾಜ್. 1651ರ ಏಪ್ರಿಲ್ 21ರಂದು ಬೆಣಾವ್ಲಿಯಲ್ಲಿ ಹುಟ್ಟಿ 1676ರಲ್ಲಿ ಗುರುದೀಕ್ಷೆ ಪಡೆದ ಅವರಿಗೆ ಆಗ 30 ವರ್ಷ. ಅವರನ್ನು ಕಳುಹಿಸಿದ್ದು ಪದ್ರುವಾದೊ ಪಕ್ಷ. ಗೋವೆಯ ಹಕ್ಕನ್ನು ಸ್ಥಾಪಿಸುವುದು ಅವರಿಗೆ ಒಪ್ಪಿಸಿದ ಕೆಲಸದ ಭಾಗ. ಮಂಗಳೂರಿನಲ್ಲಿ ಅವರ ಎದುರಿಗಿದ್ದ ಧರ್ಮಾಧ್ಯಕ್ಷರು ಅವರಂತೆಯೇ ಗೋವೆಯ ಬ್ರಾಹ್ಮಣ ಮೂಲದವರು, ಆದರೆ ರೋಮಿನ ಪಕ್ಷದವರು. ಅವರು ಕಲಹಕ್ಕೆ ಇಳಿಯಲಿಲ್ಲ. ಧರ್ಮಾಧ್ಯಕ್ಷರನ್ನು ಹೋಗಿ ಕಂಡರು, ಅವರ ಪದವಿಗೆ ಸಲ್ಲುವ ಗೌರವ ಕೊಟ್ಟರು, ರೋಮಿನಿಂದ ಸ್ಪಷ್ಟ ನಿರ್ಣಯ ಬರುವವರೆಗೆ ಒಡಕು ಬೆಳೆಯದಂತೆ ಎರಡೂ ಕಡೆಯವರನ್ನು ಸಮಾಧಾನಪಡಿಸಲು ದುಡಿದರು. ತಮ್ಮನ್ನು ಕಳುಹಿಸಿದವರಿಗೆ ಹಿತವಲ್ಲದ ಸಲಹೆಯನ್ನು ಬರೆಯುವ ಧೈರ್ಯವೂ ಅವರಿಗಿತ್ತು. ಇದರಿಂದ ವಿವಾದ ಪೂರ್ತಿ ಬಗೆಹರಿಯಲಿಲ್ಲ. ಥೋಮಸರ ಮರಣದ ಬಳಿಕ ಕೆನರಾ ಮತ್ತೆ ಗೋವೆಯ ಆಡಳಿತಕ್ಕೆ ಸರಿಯಿತು.

ವಾಜರು ಕೆನರಾದಲ್ಲಿದ್ದುದು ಮೂರೇ ವರ್ಷ. ಬರಿಗಾಲಿನಲ್ಲಿ ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿಗಳ ಕಡೆ ಅಲೆದು ಅವರು ಮಾಡಿದ್ದನ್ನು ನೋಡಿದರೆ ಟ್ರೆಂಟಿನ ವಿಧಿಗಳ ಪಟ್ಟಿಯನ್ನೇ ಎದುರಿಗಿಟ್ಟುಕೊಂಡಂತೆ ಕಾಣುತ್ತದೆ: ಮಕ್ಕಳಿಗೆ ಶಾಲೆ, ಆಡುಮಾತಿನಲ್ಲಿ ಧರ್ಮೋಪದೇಶ, ವಿಶ್ವಾಸಿಗಳ ಸಹೋದರ ಸಂಘಗಳು, ದೇವಾಲಯಗಳ ಜೀರ್ಣೋದ್ಧಾರ, ಗಂಟೆಗಟ್ಟಲೆ ಪಾಪನಿವೇದನೆ ಕೇಳುವುದು. ಮಿಲಾನಿನಲ್ಲಿ ಚಾರ್ಲ್ಸ್ ಬೊರೊಮಿಯೊ ಇದೇ ಕಾರ್ಯಕ್ರಮವನ್ನು ನಡೆಸಿ ಸಂತರೆನಿಸಿಕೊಂಡಿದ್ದರು. ವ್ಯತ್ಯಾಸವೆಂದರೆ ಬೊರೊಮಿಯೊ ಕಾರ್ಡಿನಲ್ ಆಗಿದ್ದರು, ಪೋಪರ ಸೋದರಳಿಯ. ವಾಜರ ಹಿಂದೆ ಅರಸನೂ ಇರಲಿಲ್ಲ, ಕೋಟೆಯೂ ಇರಲಿಲ್ಲ. ಶೈವ ಅರಸರಾದ ಕೆಳದಿಯ ನಾಯಕರ ನಾಡಿನಲ್ಲಿ, ರಾಜಬಲದ ಆಸರೆಯಿಲ್ಲದೆ ಟ್ರೆಂಟಿನ ಸುಧಾರಣೆ ನಡೆಯಬಲ್ಲದೆಂಬುದನ್ನು ಅವರು ತೋರಿಸಿದರು. ಇಂದು ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಅವರ ಪವಾಡಗಳನ್ನು ನೆನೆಯುತ್ತಾರೆ. ಅದು ತಪ್ಪಲ್ಲ. ಆದರೆ ಗುರುಮಠದವರಾದ ನಾವು ಅವರ ಈ ಪಾಲನಾಕ್ರಮವನ್ನೂ ನೆನೆಯಬೇಕಷ್ಟೆ.

ಗೋವೆಗೆ ಮರಳಿದ ವಾಜರು ಸ್ವದೇಶಿ ಗುರುಗಳ ಒಂದು ಚಿಕ್ಕ ಬಳಗವನ್ನು ಸೇರಿ, ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಅದನ್ನು ಓರಟರಿ ಸಂಘವಾಗಿ ರೂಪಿಸಿದರು. ಭಾರತೀಯರಿಗೆ ಧಾರ್ಮಿಕ ಸಂಘಗಳು ಬಾಗಿಲು ತೆರೆಯದಿದ್ದಾಗ ಭಾರತೀಯರೇ ಕಟ್ಟಿಕೊಂಡ ಸಂಘ ಇದು. ಬಳಿಕ, 1687ರಲ್ಲಿ, ಅವರು ಬಡ ಕೂಲಿಯಾಳಿನ ವೇಷದಲ್ಲಿ ಸಿಂಹಳದ ಜಾಫ್ನಾ ತಲುಪಿದರು.

ಅಲ್ಲಿ ಎರಡು ಸುಧಾರಣೆಗಳು ಮುಖಾಮುಖಿಯಾದವು. ಸಿಂಹಳದ ಕರಾವಳಿ ಆಗ ಕಾಲ್ವಿನನ ಮಾರ್ಗದ ಡಚ್ಚರ ಕೈಯಲ್ಲಿತ್ತು. ಅವರು ಕಥೋಲಿಕ ಗುರುಗಳನ್ನು ಹೊರದಬ್ಬಿ, ಅವರಿಗೆ ಆಶ್ರಯ ಕೊಡುವವರಿಗೆ ಕಠಿಣ ಶಿಕ್ಷೆ ವಿಧಿಸಿದ್ದರು. ಡಚ್ ಸಭೆಯನ್ನು ಬರೀ ಹಿಂಸಕರ ಸಭೆಯೆಂದು ತಳ್ಳಿಹಾಕುವುದು ಮಾತ್ರ ಏಕಪಕ್ಷೀಯವಾದೀತು. ಅವರು ಊರೂರಿಗೆ ಶಾಲೆ ತೆರೆದರು. ಸ್ಥಳೀಯ ಬೋಧಕರನ್ನು ಸಿದ್ಧಗೊಳಿಸಲು ಜಾಫ್ನಾದ ನಲ್ಲೂರಿನಲ್ಲಿ 1690ರಲ್ಲಿಯೂ ಕೊಲಂಬೊದಲ್ಲಿ 1696ರಲ್ಲಿಯೂ ಗುರುಮಠಗಳನ್ನು ಸ್ಥಾಪಿಸಿದರು. ಟ್ರೆಂಟೂ ಜಿನೀವೆಯೂ ಕೇಳಿದ್ದನ್ನು ಮಾಡಿದರು. ಆದರೆ ಸರ್ಕಾರಿ ಕೆಲಸಕ್ಕೆ ದೀಕ್ಷಾಸ್ನಾನದ ಪತ್ರ ಬೇಕೆಂದಾಗ ಸಭೆಯ ಲೆಕ್ಕದ ಪುಸ್ತಕ ತುಂಬಿತು, ಮನಸ್ಸು ತುಂಬಲಿಲ್ಲ. ಡಚ್ಚರ ಆಳ್ವಿಕೆ ಮುಗಿದ ಮೇಲೆ ಆ ಸಭೆ ಬೇಗನೆ ಕರಗಿತು. ಗೋವೆಯಲ್ಲಿ ಪೋರ್ಚುಗೀಸರು ಮಾಡಿದ ತಪ್ಪನ್ನೇ ಸಿಂಹಳದಲ್ಲಿ ಅವರ ಶತ್ರುಗಳು ಮಾಡಿದರು. ವಾಜರು ಬೌದ್ಧ ಅರಸನ ಕ್ಯಾಂಡಿಯಲ್ಲಿ ಮೊದಲು ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಯಾದರು, ಬಳಿಕ ಅದೇ ಅರಸನ ಆಶ್ರಯದಲ್ಲಿ ಸೇವೆ ಮಾಡಿದರು. 1697ರ ಸಿಡುಬಿನ ಸಮಯದಲ್ಲಿ ರೋಗಿಗಳನ್ನು ಮತಭೇದವೆಣಿಸದೆ ಆರೈಕೆ ಮಾಡಿದರು. ಧರ್ಮಾಧ್ಯಕ್ಷ ಪದವಿಯ ಸೂಚನೆ ಬಂದಾಗ ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಸಂತರ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಪ್ರಬಂಧ ಸುಖಾಂತವಾಗುತ್ತಿತ್ತು. ಆದರೆ ವಾಜರ ಓರಟರಿ ಸಂಘದೊಳಕ್ಕೆ ಪ್ರವೇಶವಿದ್ದದ್ದು ಬ್ರಾಹ್ಮಣ ಮೂಲದ ಯಾಜಕರಿಗೆ ಮಾತ್ರ. ಬಿಳಿಯರ ಸಂಘಗಳು ತಮಗೆ ಹಾಕಿದ ಅಡ್ಡಗೋಲನ್ನೇ ಇವರು ತಮ್ಮ ನೆರೆಹೊರೆಯವರಿಗೆ ಹಾಕಿದರು. ಸ್ವದೇಶಿ ಯಾಜಕ ಎಂದಾಗ ಯಾವ ಸ್ವದೇಶಿ ಎಂಬ ಎರಡನೆಯ ಪ್ರಶ್ನೆ ಅಲ್ಲಿಯೇ ಹುಟ್ಟಿಕೊಂಡಿತು, ಮೊದಲನೆಯದಕ್ಕಿಂತ ಹೆಚ್ಚು ಕಾಲ ಬಾಳಿತು.

ಪ್ರೊಟೆಸ್ಟೆಂಟ್ ಸಭೆಗಳ ಚರಿತ್ರೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಇದೇ ಗೆರೆ ಕಾಣುತ್ತದೆ. ವಿಶ್ವಾಸಿಗಳೆಲ್ಲರೂ ಯಾಜಕರೆಂಬುದು ಲೂಥರನ ಬೋಧನೆ. ತರಂಗಂಬಾಡಿಯ ಲೂಥರನ್ ಮಿಷನ್ 1706ರಲ್ಲಿ ಆರಂಭವಾಯಿತು. ಆರೋನ್ ಎಂಬ ತಮಿಳು ಪಾಲಕರಿಗೆ ದೀಕ್ಷೆಯಾದದ್ದು 1733ರಲ್ಲಿ. 27 ವರ್ಷ ತಡವಾದರೂ ಅದು ಮೆಚ್ಚತಕ್ಕ ಹೆಜ್ಜೆಯೇ. ಮುಂದೆ ತಂಜಾವೂರಿನ ಕಡೆ ವರ್ಷಗಟ್ಟಲೆ ದುಡಿದ ಉಪದೇಶಿ ರಾಜನಾಯಕ್ಕನ್ ಅವರ ಹೆಸರು ಎದ್ದಾಗ, ಅವರು ಪರೈಯ ಸಮುದಾಯದವರೆಂಬ ಕಾರಣಕ್ಕೆ ಮೇಲ್ಜಾತಿಯ ಕ್ರೈಸ್ತರ ವಿರೋಧಕ್ಕೆ ಅಂಜಿ, 1741ರಲ್ಲಿ ದಿಯೊಗೊ ಎಂಬ ಇನ್ನೊಬ್ಬರಿಗೆ ದೀಕ್ಷೆ ಕೊಡಲಾಯಿತು. ಗೋವೆಯ ಓರಟರಿಗೂ ತರಂಗಂಬಾಡಿಯ ಲೂಥರನರಿಗೂ ಸಿದ್ಧಾಂತದಲ್ಲಿ ಎಷ್ಟು ದೂರ! ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಜಗಲಿಯ ಮೇಲೆ ಕುಳಿತಿದ್ದರು.

ಕನ್ನಡ ನಾಡಿಗೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನ ಮೂಲಕ ಬಂದಿತು. ಅದರ ಬೇರು ಸ್ಪೇನರನು 1675ರಲ್ಲಿ ತನ್ನ ಪಿಯಾ ದೆಸಿದೇರಿಯ ಕೃತಿಯಿಂದ ಚಾಲನೆ ಕೊಟ್ಟ ಭಕ್ತಿಚಳುವಳಿಯಲ್ಲಿ, ಎಂದರೆ ಲೂಥರನ್ ಸಭೆಯನ್ನೇ ಮರಳಿ ಸುಧಾರಿಸಬೇಕೆಂದು ಹೊರಟ ಎರಡನೆಯ ಸುಧಾರಣೆಯಲ್ಲಿ ಇತ್ತು. ಮೊಗ್ಲಿಂಗರ ಶಿಷ್ಯರಾದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಎಂಬ ಹೆಸರನ್ನು ಸೇರಿಸಿಕೊಂಡರು. ಬಾಸೆಲಿನಲ್ಲಿ ಓದಿ 1851ರಲ್ಲಿ ಪಾಲಕ ದೀಕ್ಷೆ ಹೊಂದಿ ಮರಳಿದರು. ಮತೆಯುಸ್ ದೆ ಕಾಸ್ತ್ರೊ ರೋಮಿನಿಂದ ಮರಳಿದ್ದಕ್ಕೂ ಕೌಂಡಿನ್ಯರು ಬಾಸೆಲಿನಿಂದ ಮರಳಿದ್ದಕ್ಕೂ ಇರುವ ಅಂತರ ಗಮನಾರ್ಹ. ಕೌಂಡಿನ್ಯರ ಪತ್ರಗಳನ್ನು ಯಾರೂ ಶಂಕಿಸಲಿಲ್ಲ. ಅವರು ಮಂಗಳೂರಿನ ಗುರುಮಠದಲ್ಲಿ ಬೋಧಿಸಿದರು. ಕೊಡಗಿನಲ್ಲಿ ಕ್ರೈಸ್ತರಾದ ಹೊಲೆಯ ಕುಟುಂಬಗಳಿಗಾಗಿ ಎದ್ದ ಆನಂದಪುರವೆಂಬ ಊರು ಅವರ ಹೆಸರನ್ನೇ ಹೊತ್ತಿದೆ. ಹುಟ್ಟಿನಿಂದ ಬ್ರಾಹ್ಮಣರಾದವರೊಬ್ಬರ ಹೆಸರು ದಲಿತ ಕ್ರೈಸ್ತರ ಊರಿಗೆ ನಿಂತದ್ದನ್ನು ನಾವು ಚಿಕ್ಕ ಸಂಗತಿಯೆಂದು ಎಣಿಸುವುದಿಲ್ಲ. ಆನಂದಪುರದ ಆ ಕುಟುಂಬಗಳ ಮಗನೊಬ್ಬನು ಬಾಸೆಲಿಗೆ ಹೋಗಿ ಓದಿ ಬರುವ ಮಾತು ಆ ದಿನಗಳಲ್ಲಿ ಯಾರ ಮನಸ್ಸಿಗೂ ಬಂದಂತಿಲ್ಲ ಎಂಬುದೂ ಅಷ್ಟೇ ನಿಜ.

ಧರ್ಮಾಧ್ಯಕ್ಷ ಪೀಠದ ಮಟ್ಟಿಗೆ ಕಾಯುವಿಕೆ ಇನ್ನೂ ದೀರ್ಘವಾಯಿತು. ಆಂಗ್ಲಿಕನ್ ಸಭೆಯಲ್ಲಿ ವಿ. ಎಸ್. ಅಜರಯ್ಯನವರು 1912ರಲ್ಲಿ ದೋರ್ನಕಲ್ಲಿನ ಬಿಷಪರಾದರು. ಕಥೋಲಿಕ ಧರ್ಮಸಭೆಯಲ್ಲಿ, ಕಾಸ್ತ್ರೊಗಳ ಕಾಲದ ವಿಕಾರ್ ಅಪೊಸ್ತೊಲಿಕರನ್ನು ಬಿಟ್ಟರೆ, ಲತೀನ್ ವಿಧಿಯ ಧರ್ಮಕ್ಷೇತ್ರವೊಂದಕ್ಕೆ ಭಾರತೀಯರೊಬ್ಬರು ನೇಮಕವಾದದ್ದು 1923ರಲ್ಲಿ, ತೂತ್ತುಕುಡಿಯ ತಿಬುರ್ತಿಯಸ್ ರೋಚ್ ಅವರು. ಮಂಗಳೂರು 1886ರಲ್ಲಿ ಧರ್ಮಕ್ಷೇತ್ರವಾಯಿತು. ಅದರ ಪೀಠಕ್ಕೆ ಮೊದಲ ಭಾರತೀಯರಾಗಿ ವಲೇರಿಯನ್ ಡಿಸೋಜರು ಬಂದದ್ದು 1928ರಲ್ಲಿ. ಥೋಮಸ್ ದೆ ಕಾಸ್ತ್ರೊ ಅದೇ ಊರಿನಲ್ಲಿ ಕಣ್ಣುಮುಚ್ಚಿ ಆಗ 244 ವರ್ಷಗಳಾಗಿದ್ದವು.